ಶನಿವಾರದ ಹತ್ತು ಜನ

ನನ್ನ ಹಣೆಬರಹಕ್ಕೆ ನಾನೊಬ್ಬ ಕಥೆಗಾರ. ಮುಂಬಯಿ ಪಕ್ಕದ ಡೊಂಬಿವಲಿಯ ಕನ್ನಡ ಸಂಘದ ಸಂಚಿಕೆಗೆ ವರ್ಷಕ್ಕೊಂದು ರೋಬೋಟ್ ಕಥೆ ಬರೆದು, ಚಪ್ಪಾಳೆ ಗಿಟ್ಟಿಸಿ, ಎದೆಯುಬ್ಬಿಸಿ ತಿರುಗಿದವನು. ಆ ಕಥೆಗಳ ಸರಕೆಲ್ಲ ನನ್ನ ಗೆಳೆಯ ಹಸ್ಕೇಲ್ ಪೆಣಕರನದು. ಅವನು ಯಹೂದಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಜೊತೆಗೆ ದುಡಿದೆವು. ಕಲ್ಯಾಣದ ಲೋಕಲ್ ರೈಲಿನಲ್ಲಿ ನನ್ನ ಪಕ್ಕ ನಿಂತು ನಿಂತೇ ಅವನು ಕನ್ನಡ ಕಲಿತ.

“ನಿನ್ನ ರೋಬೋಟ್‌ಗಳೆಲ್ಲ ನಮ್ಮ ಮಣ್ಣಿನ ಮನುಷ್ಯನ ಮೊಮ್ಮಕ್ಕಳು ಮಾರಾಯ,” ಎನ್ನುತ್ತಿದ್ದ. ಅವರ ಹಳೆಯ ಕಥೆಯಲ್ಲಿ ಒಬ್ಬ ಗುರು ಮಣ್ಣು ಕಲಸಿ ಆಳು ಮಾಡುತ್ತಾನೆ. ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಗೆ ಅವರಲ್ಲಿ ಹತ್ತು ಯಹೂದಿ ಗಂಡಸರು ಇರಲೇಬೇಕು. ಆ ಮಣ್ಣಿನವನನ್ನು ಹತ್ತರಲ್ಲಿ ಸೇರಿಸಬಹುದೇ ಎಂದು ಪಂಡಿತರು ತಲೆ ಕೆಡಿಸಿಕೊಂಡು, ಆಗದು ಎಂದರಂತೆ. ನಾನು ಬಿಟ್ಟೇನೆ? ನನ್ನ ಕಥೆಯಲ್ಲಿ ಮಂಗಳ ಗ್ರಹದಲ್ಲಿ ಒಂಬತ್ತು ಯಹೂದಿಗಳು, ಒಂದು ಹೆಣ. ಮೂಲೆಯಲ್ಲಿದ್ದ ರೋಬೋಟ್ ಎದ್ದು ಬಂದು ಹತ್ತನೆಯವನಾಗಿ ನಿಂತಿತು. ಸಂಘದ ಸಭೆಯಲ್ಲಿ ಓದಿದಾಗ ಹೆಂಗಸರು ಕಣ್ಣೊರೆಸಿಕೊಂಡರು.

ಹಸ್ಕೇಲ್ ಮಾತ್ರ ನಕ್ಕ. “ಕಥೆಯಲ್ಲಿ ಸುಲಭ. ನಾನು ಸತ್ತಾಗ ನೀನೇ ಹತ್ತು ಜನ ಸೇರಿಸ್ಬೇಕು, ಗೊತ್ತುಂಟಲ್ಲ? ಕದ್ದೀಶ್ ಇಲ್ಲದೆ ನನ್ನನ್ನ ಮಣ್ಣು ಮಾಡ್ಬೇಡ.”

“ಎಂತ ಮಾತು! ನಿನ್ನ ಹತ್ತು ಜನ ಎಲ್ಲಿ ಹೋಗ್ತಾರೆ?” ಎಂದು ಗದರಿದೆ. ಪ್ರತಿ ಶನಿವಾರ ಅವನ ಮನೆಯಲ್ಲಿ ಹತ್ತು ಮುದುಕರು ಪ್ರಾರ್ಥನೆಗೆ ನಿಲ್ಲುವುದನ್ನು ವರ್ಷಗಟ್ಟಲೆ ನೋಡಿದವನು ನಾನು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಅವನು ಹೋದ. ಸೂರ್ಯ ಮುಳುಗಿದರೆ ಅವರ ವಾರದ ಪವಿತ್ರ ದಿನ ಸಬ್ಬತ್ ಶುರು, ಆಮೇಲೆ ಮಣ್ಣು ಮಾಡುವಂತಿಲ್ಲ, ಅಷ್ಟರೊಳಗೆ ಎಲ್ಲ ಮುಗಿಯಬೇಕು. ಮಗಳು ದೀನಾ ಅಳುತ್ತಲೇ ಮರಾಠಿಯಲ್ಲಿ ಕೇಳಿದಳು, “ಕಾಕಾ, ಥಾಣೆಯವರಿಗೆ ಫೋನ್ ಮಾಡ್ಲಾ? ಅಲ್ಲಿ ನಮ್ಮವರು ತುಂಬ ಇದ್ದಾರೆ.”

“ಬೇಡ ಮಗಾ, ಶನಿವಾರದ ಹತ್ತು ಜನ ಇದ್ದಾರಲ್ಲ,” ಎಂದೆ. ದೊಡ್ಡ ಮನುಷ್ಯ ನಾನು!

ಸಂಜೆ ಸ್ಮಶಾನಕ್ಕೆ ಎಲ್ಲರೂ ಬಂದರು. ಅವರು ಜನರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಹತ್ತು ಪದಗಳ ಒಂದು ಸಾಲು ಹೇಳುತ್ತಾ ಒಬ್ಬೊಬ್ಬರಿಗೆ ಒಂದೊಂದು ಪದ ಕೊಡುತ್ತಾರೆ. ಹಿರಿಯರೊಬ್ಬರು ಹೇಳುತ್ತಾ ಬಂದರು. ಒಂದು ಪದ ಉಳಿಯಿತು.

“ಯಾರು ಬಂದಿಲ್ಲ?” ಎಂದೆ.

“ಎಲ್ಲರೂ ಬಂದಿದ್ದೇವೆ,” ಎಂದು ಹಿರಿಯರು ಹೆಣದ ಕಡೆ ನೋಡಿದರು.

ಅಯ್ಯೋ ದೇವರೇ! ಶನಿವಾರದ ಹತ್ತನೆಯವನು ಹಸ್ಕೇಲನೇ. ಇಷ್ಟು ವರ್ಷ ಅವನನ್ನೂ ಸೇರಿಸಿಯೇ ಎಣಿಸಿದ್ದೆನಲ್ಲ. ಥಾಣೆಗೆ ಫೋನ್ ಹಚ್ಚಿದೆ. ಪಾಪ, ನಾಲ್ವರು ಕೂಡಲೇ ಹೊರಟರು. ದಾರಿಯಲ್ಲಿ ಮುಂಬ್ರಾ ದಾಟುವ ಮೊದಲೇ ಅವರ ಲೋಕಲ್ ನಿಂತುಬಿಟ್ಟಿತಂತೆ. ದೂರದ ಚಿಮಣಿಗಳ ಹಿಂದೆ ಸೂರ್ಯ ಇಳಿಯುತ್ತಲೇ ಇದ್ದ.

“ನನ್ನನ್ನು ಸೇರಿಸ್ಕೊಳ್ಳಿ. ಮೂವತ್ತು ವರ್ಷ ಅವನ ಜೊತೆ ಉಂಡಿದ್ದೇನೆ,” ಎಂದು ಗೋಗರೆದೆ.

ಹಿರಿಯರು ನನ್ನ ಕೈ ಹಿಡಿದುಕೊಂಡರು. “ಮಾಫ್ ಕರೋ ಭುಜಂಗಜೀ. ಕದ್ದೀಶ್ ಇನ್ನೊಂದು ದಿನ ಹೇಳೋಣ.”

“ಬಿಡಿ ಕಾಕಾ. ಮಗಳು ನಾನು, ನಾನೇ ಲೆಕ್ಕಕ್ಕಿಲ್ಲ,” ಎಂದಳು ದೀನಾ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ನಿಮ್ಮ ಕಥೆಯಲ್ಲಿ ಆ ರೋಬೋಟ್ ಎಷ್ಟು ಬೇಗ ಎದ್ದು ಬಂತಲ್ಲ?”

ಅವಳು ಚುಚ್ಚಲಿಲ್ಲ, ಸುಮ್ಮನೆ ನೆನಪಾಗಿ ಕೇಳಿದಳು. ಅದಕ್ಕೇ ನನಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಅದು ಎದ್ದು ಬರಲು ಒಂದೇ ಸಾಲು ಬರೆದಿದ್ದೆ ಮಾರಾಯ್ರೆ, ಟೀ ಕುಡಿಯುತ್ತಾ ಬರೆದಿದ್ದೆ.

ಒಂಬತ್ತು ಜನ ಬೇರೇನೋ ಸ್ತೋತ್ರ ಓದಿದರು. ಹೆಣ ಇಳಿಸಿದರು. ಹಿರಿಯರು ಸನ್ನೆ ಮಾಡಿ ನನ್ನನ್ನು ಮುಂದೆ ಕರೆದರು. ಮಣ್ಣು ಹಾಕಲು ಯಾರಾದರೂ ಆಗುತ್ತದಂತೆ.

ಕದ್ದೀಶ್ ಇಲ್ಲದೆ ಮಣ್ಣು ಮಾಡಬೇಡ ಎಂದಿದ್ದ. ಮೊದಲ ಹಿಡಿ ನಾನೇ ಹಾಕಿದೆ.