ಕೈ ಕಾಣದ ಪುಟಗಳು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಹೊಟ್ಟೆಪಾಡು. ಅಂಗಡಿಯವರೆಲ್ಲ ಗಾಜಣ್ಣ ಅಂತಲೇ ಕರೆಯುತ್ತಿದ್ದರು. ಯಂತ್ರದ ಗದ್ದಲದಲ್ಲಿ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ, ಅವನೂ ಬಾಯಿ ಬಿಡುತ್ತಿರಲಿಲ್ಲ. ವಾರದ ರಜೆ ಬಂತೆಂದರೆ ಬೆಳಗ್ಗೆಯೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಪತ್ರ, ಪುಸ್ತಕ ಬರೆಯುವ ತಂತ್ರಾಂಶವೊಂದಿತ್ತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಚಿತ್ರ ತೆರೆಯುವ ಭಾಗವನ್ನು ನೋಡಿಕೊಳ್ಳುವ ನಾಲ್ಕೈದು ಜನರಲ್ಲಿ ಅವನೂ ಒಬ್ಬ. ಉಳಿದವರ ಮುಖವನ್ನೇ ಕಂಡಿರಲಿಲ್ಲ.

ಒಂದು ದಿನ ಕಿವಿ ಕೇಳದ ಮಕ್ಕಳ ಶಾಲೆಯ ಟೀಚರೊಬ್ಬರ ದೂರು ಬಂತು. ಹನ್ನೆರಡು ವರ್ಷ ಕೂತು ಅವರು ಕೈಸನ್ನೆಗಳ ಪಠ್ಯ ಮಾಡಿದ್ದರು. ಹಳೆ ಕಂಪ್ಯೂಟರ್ ಕೆಟ್ಟು ಹೊಸದರಲ್ಲಿ ತೆರೆದರೆ, ಅಕ್ಷರವೆಲ್ಲ ಇದೆ, ನಾನೂರು ಚಿತ್ರಗಳ ಜಾಗದಲ್ಲಿ ಬರೀ ಖಾಲಿ ಚೌಕ. ಚಿತ್ರಗಳು ಈಗ ಯಾರೂ ಬಳಸದ ಹಳೆ ಕಡತ ನಮೂನೆಯವು, ಹೊಸ ತಂತ್ರಾಂಶಕ್ಕೆ ಓದಲು ಬಾರದವು. ಕೈ ಕಾಣದಿದ್ದರೆ ನಮ್ಮ ಮಕ್ಕಳಿಗೆ ಇದು ಬರೀ ಕಾಗದ ಎಂದು ಬರೆದಿದ್ದರು.

ಆ ನಮೂನೆಯನ್ನು ತಂತ್ರಾಂಶಕ್ಕೆ ಮೊದಲಿಂದ ಕಲಿಸುವುದು ಬೆಟ್ಟ ಅಗೆಯುವ ಕೆಲಸ. ಗಾಜಣ್ಣ ಒಳದಾರಿ ಹುಡುಕಿದ: ಓದಲಾಗದ ಚಿತ್ರ ಸಿಕ್ಕಾಗ ತಂತ್ರಾಂಶ ಕೈಚೆಲ್ಲಿ ಕೂರದೆ ಅದನ್ನೊಂದು ಪರಿವರ್ತಕಕ್ಕೆ ಒಪ್ಪಿಸಲಿ, ಅದು ಎಲ್ಲರೂ ಬಳಸುವ ನಮೂನೆಗೆ ತಿರುಗಿಸಿ ವಾಪಸ್ ಕೊಡಲಿ. ತಂಡದ ಹಿರಿಯನೊಬ್ಬ, ಒಬ್ಬರಿಗಾಗಿ ಇಷ್ಟೆಲ್ಲ ಯಾಕೆ, ಕಡತ ತೆರೆಯುವುದು ನಿಧಾನವಾಗುತ್ತೆ ಎಂದು ಕೊಕ್ಕೆ ಹಾಕಿದ. ಬೇರೆ ದಾರಿಗಳೆಲ್ಲ ಸೋತಾಗ ಮಾತ್ರ ಪರಿವರ್ತಕ ಎದ್ದೇಳುವಂತೆ ಗಾಜಣ್ಣ ತಿದ್ದಿದ.

ಏಳು ವಾರ ಹಿಡಿಯಿತು. ಅಷ್ಟೂ ವಾರ ಟೀಚರಿಗೆ ಪ್ರಶ್ನೆ ಕೇಳುತ್ತಿದ್ದ. ಚಿತ್ರ ಯಾವ ತಂತ್ರಾಂಶದಲ್ಲಿ ಬರೆದದ್ದು, ಯಾರ ಕೈ ನೋಡಿ ಬರೆದದ್ದು. ಶಾಲೆಯ ಅಡುಗೆಯವರದು, ಬೆರಳು ಉದ್ದ ಅಂತ ಅವರನ್ನೇ ಕೂರಿಸಿದೆ ಎಂದು ಉತ್ತರ ಬಂತು. ಕೆಲವು ಪ್ರಶ್ನೆಗಳಿಗೂ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಕೊನೆಗೆ ಹಿರಿಯ ಒಪ್ಪಿದ, ತಿದ್ದುಪಡಿ ಹೊಸ ಆವೃತ್ತಿಗೆ ಸೇರಿತು. ಮುಂದಿನ ರಜೆಯ ದಿನ ಟೀಚರ ಪತ್ರ ಕಾದಿತ್ತು.

"ನಾನೂರು ಚಿತ್ರಗಳೂ ಬಂದವು. ಮಕ್ಕಳು ಅಡುಗೆಯವರ ಕೈ ಗುರುತು ಹಿಡಿದು ನಕ್ಕರು. ತುಂಬಾ ಉಪಕಾರವಾಯ್ತು. ಇನ್ನು ನಿಮಗೆ ತೊಂದರೆ ಕೊಡಲ್ಲ."

ಗೆದ್ದ ಖುಷಿ ಒಂದು ಗಳಿಗೆ ಇತ್ತು. ಆಮೇಲೆ ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದಿದ. ಕೇಳಲು ಇನ್ನೊಂದು ಪ್ರಶ್ನೆ ಹುಡುಕಿದ, ಸಿಗಲಿಲ್ಲ. ದೂರಿನ ಮುಂದೆ ಮುಗಿದಿದೆ ಎಂದು ಗುರುತು ಹಾಕಿದ. ಮಟಮಟ ಮಧ್ಯಾಹ್ನ, ಕೋಣೆ ಭಣಗುಟ್ಟುತ್ತಿತ್ತು.

ಅವನಿಗಿದ್ದವಳು ಒಬ್ಬಳೇ ಅಕ್ಕ, ಬೇರೆ ಊರಿನಲ್ಲಿ. ಅವಳೇ ಫೋನ್ ಮಾಡುವುದು, ಇವನು ಎರಡೇ ಮಾತಿಗೆ ಮುಗಿಸುವುದು ವಾಡಿಕೆ. ಇವತ್ತು ತಾನೇ ಮಾಡಿದ.

"ಏನಾಯ್ತೋ?" ಅಕ್ಕನ ದನಿಯಲ್ಲಿ ಗಾಬರಿ.

"ಏನಿಲ್ಲ ಕಣೇ. ಸುಮ್ನೆ ಮಾಡ್ದೆ."

"ಇರು, ಒಲೆ ಆರಿಸಿ ಬಂದು ಕೂತ್ಕೋತೀನಿ," ಅಂದಳು.

ಕುರ್ಚಿ ಎಳೆದ ಸದ್ದು ಕೇಳಿಸುವವರೆಗೂ ಅವನು ಕಾದ. ಆಮೇಲೆ, ಒಬ್ರು ಟೀಚರ್ ಇದ್ರು ಎಂದು ಶುರು ಮಾಡಿದ.