ತೊಳೆದ ತಪ್ಪಿಗೆ

"ಯಾವ ಮುಂಡೇದು ಹೇಳ್ತು ನಿಮಗೆ, ಇದನ್ನ ತೊಳೀರಿ ಅಂತ?"

ಹೆಡ್‌ಮಾಸ್ತರ ಹೊಸ್ತಿಲ ಆಚೆ ನಿಂತು ಕೂಗುತ್ತಿದ್ದ. ಕೋಣೆಯಲ್ಲಿ ಹನಿ ನೀರಿಲ್ಲದಿದ್ದರೂ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದ. ಎಲ್ಲರೂ ಮೊಂಡಿ ಅಂತ ಕರೆಯುವ ಹೆಂಗಸು ಪೊರಕೆ ಹಿಡಿದುಕೊಂಡೇ ಕೇಳಿಸಿಕೊಂಡಳು. ಈ ಶಾಲೆಯ ಕಸ ಹೊಡೆಯುತ್ತಲೇ ತಲೆ ನರೆತವಳು ಅವಳು. ಗುಡಿಸಲಿಲ್ಲ ಅಂತ ಬೈಸಿಕೊಂಡಿದ್ದಳು, ನೆಟ್ಟಗೆ ಗುಡಿಸಲಿಲ್ಲ ಅಂತಲೂ ಬೈಸಿಕೊಂಡಿದ್ದಳು. ಗುಡಿಸಿದ್ದಕ್ಕೆ ಬೈಸಿಕೊಳ್ಳುತ್ತಿರುವುದು ಇದೇ ಮೊದಲು.

"ಕೆಸರಲ್ಲಿ ಮಲಗೋಕಾಗುತ್ತಾ ಸಾರ್? ಮಗಳು ಹಸಿ ಬಾಣಂತಿ," ಅಂದಳು.

"ಮಲಗೋಕೆ ಇದೇನು ನಿಮ್ಮಪ್ಪ ಕಟ್ಟಿಸಿದ ಛತ್ರಾನಾ? ಇವತ್ತು ಸಿಟಿಯಿಂದ ಸ್ವಯಂಸೇವಕರು ಬರ್ತಿದ್ದಾರೆ ಕಣೇ, ಕ್ಲೀನ್ ಮಾಡೋಕೆ. ಬಂದೋರು ಏನು ತೊಳೀಬೇಕು, ನಿನ್ನ ಮೂತೀನಾ?"

ಹೊಳೆ ಉಕ್ಕಿ ದಂಡೆಯ ಬೀದಿಯನ್ನು ನುಂಗಿದಾಗ ಬೀದಿಯವರೆಲ್ಲ ಈ ಶಾಲೆಗೆ ಓಡಿ ಬಂದಿದ್ದರು. ನೀರು ಇಲ್ಲಿಗೂ ನುಗ್ಗಿ ಎರಡು ಕೋಣೆಗಳ ಸೂರು ಕುಸಿಯಿತು. ತೊಲೆಗಳು ಇನ್ನೂ ನೇತಾಡುತ್ತಿದ್ದವು. ಉಳಿದದ್ದು ಇದೊಂದೇ ಕೋಣೆ. ನೀರಿಳಿದಾಗ ಅದರ ತುಂಬ ಮೊಣಕಾಲುದ್ದ ಕೆಸರು, ಕೆಸರಿನೊಳಗೆ ಮುರಿದ ಬೆಂಚು, ಕೊಳೆತ ಪುಸ್ತಕ, ಉಬ್ಬಿದ ನಾಯಿಯ ಹೆಣ. ಆ ದಿನ ಹೊಸ್ತಿಲಿನಿಂದಲೇ ಫೋಟೋ ತೆಗೆದುಕೊಂಡು ಹೋದ ಹೆಡ್‌ಮಾಸ್ತರ ಮತ್ತೆ ಮುಖ ತೋರಿಸಿದ್ದು ಇವತ್ತೇ. ಹೆಂಗಸರು ಒಡೆದ ಕೊಡದಲ್ಲಿ, ಬುಟ್ಟಿಯಲ್ಲಿ, ಕೊನೆಗೆ ಬರಿಗೈಯಲ್ಲಿ ಅದನ್ನೆಲ್ಲ ಬಾಚಿ ಗೋಡೆಯ ಹಿಂದೆ ಸುರಿದರು. ನೆಲದ ಮೇಲೆ ಕೆಂಡ ಹರಡಿ ಒಣಗಿಸಿದರು. ಹೊರಗೆ ಮಳೆ ಬಿಟ್ಟಿರಲಿಲ್ಲ, ಜಗಲಿಗೆ ಇರಚಲು ಹೊಡೆಯುತ್ತಿತ್ತು. ಇಡೀ ಶಾಲೆಯಲ್ಲಿ ಒಣಗಿದ ಜಾಗವೆಂದರೆ ಇದೊಂದೇ. ಮೊಂಡಿಯ ಮಗಳು ಕೂಸನ್ನು ಎದೆಗೊತ್ತಿಕೊಂಡು ಅದರ ಮೂಲೆಯಲ್ಲಿ ಮಲಗಿದ್ದಳು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ ಆಗ ಬಸ್ಸು ಬಂತು. ಗಾಜು ಮುಚ್ಚಿದ, ಸೀಟಿಗೆಲ್ಲ ಬಿಳಿ ಬಟ್ಟೆ ಹೊದಿಸಿದ ಬಸ್ಸು. ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗ ಹುಡುಗಿಯರು ಇಳಿದರು. ಹೊಸ ಗಮ್‌ಬೂಟು, ಹೊಸ ಗ್ಲೌಸು, ಅಂಗಡಿಯ ಚೀಟಿ ಇನ್ನೂ ಕೀಳದ ಹೊಸ ಸಲಿಕೆ. ಹೆಡ್‌ಮಾಸ್ತರ ಬೀಗರ ಮುಂದೆ ಓಡಾಡುವವನಂತೆ ಹಲ್ಲು ಗಿಂಜುತ್ತ ಓಡಾಡಿದ.

ಅವರ ಮುಂದಾಳು ಒಬ್ಬ ಕಪ್ಪು ಕನ್ನಡಕದವನು. ಕೋಣೆಯೊಳಗೆ ಇಣುಕಿದವನ ಮುಖ ಸಪ್ಪಗಾಯಿತು.

"ಏನ್ ಸಾರ್ ಇದು? ನೀವು ಕಳಿಸಿದ ಫೋಟೋದಲ್ಲಿ ಕೆಸರಿತ್ತಲ್ಲ."

"ಇತ್ತು ಸಾರ್. ಇವ್ರೇ ಸ್ವಲ್ಪ ಅರ್ಜೆಂಟ್ ಮಾಡಿ..."

"ನಮ್ ಹುಡುಗ್ರು ರಜೆ ಹಾಕಿ ಬಂದಿದ್ದಾರೆ. ಕೆಲ್ಸಾನೇ ಇಲ್ಲ ಅಂದ್ರೆ ಹೇಗೆ? ಪಕ್ಕದೂರಿಗೆ ಹೋಗ್ತೀವಿ ಬಿಡಿ. ಕಂಬಳಿನೂ ಅಲ್ಲೇ ಹಂಚ್ತೀವಿ."

ಕಂಬಳಿ ಅಂದದ್ದೇ ತಡ, ಜಗಲಿಯ ಮೇಲೆ ಮುದುಡಿ ಕೂತಿದ್ದ ಹೆಂಗಸರು ತಲೆಯೆತ್ತಿದರು.

"ಕೆಲಸಕ್ಕೇನು ಬರ ಸ್ವಾಮಿ," ಮೊಂಡಿ ಪೊರಕೆಯಿಂದಲೇ ಕುಸಿದ ಸೂರನ್ನು ತೋರಿಸಿದಳು. "ಆ ತೊಲೆ ಎತ್ತಿಕೊಡಿ. ನಮ್ಮ ಕೈಲಾಗ್ತಿಲ್ಲ. ಜನಕ್ಕೆ ಮಲಗೋಕೆ ಜಾಗ ಆಗುತ್ತೆ, ಮಕ್ಕಳಿಗೆ ಪಾಠನೂ ಆಗುತ್ತೆ."

"ಅದೆಲ್ಲ ರಿಸ್ಕಮ್ಮ. ನಮ್ದು ಬರೀ ಕ್ಲೀನಿಂಗು."

ಹೆಡ್‌ಮಾಸ್ತರ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದ. ಅಲ್ಲಿ ಏನೋ ಪಿಸುಪಿಸು, ಒಂದು ನಗು. ವಾಪಸು ಬಂದ ಹೆಡ್‌ಮಾಸ್ತರ ಹೆಂಗಸರ ಕಡೆ ತಿರುಗಿದ.

"ಗೋಡೆ ಹಿಂದೆ ಸುರಿದಿದ್ದೀರಲ್ಲ ಕೆಸರು, ಅದನ್ನ ತಂದು ಒಳಗೆ ಹಾಕ್ರೇ. ಜಾಸ್ತಿ ಬೇಡ, ಪಾದ ಮುಳುಗೋಷ್ಟು ಸಾಕು."

ಯಾರೂ ಅಲುಗಲಿಲ್ಲ.

"ಏನ್ ಹಂಗೆ ಕಣ್ಣು ಬಿಡ್ತೀರಾ? ಆಮೇಲೆ ಅವ್ರೇ ತೆಗೀತಾರೆ. ನಿಮ್ಮ ಗಂಟೇನು ಹೋಗುತ್ತೆ?"

"ಬಾಣಂತಿ ಮಲಗಿದ್ದಾಳೆ ಸಾರ್."

"ಎಬ್ಬಿಸು. ಲೋಕದಲ್ಲಿ ಹೆತ್ತೋಳು ಇವಳೊಬ್ಬಳೇನಾ?"

ಮಗಳು ಗೋಡೆ ಹಿಡಿದುಕೊಂಡು ಎದ್ದಳು. ಬಾಗಿಲಲ್ಲಿ ಒಬ್ಬ ಹುಡುಗಿ ಅವಳ ಕೈಗೆ ಬಿಸ್ಕತ್ತಿನ ಪೊಟ್ಟಣ ತುರುಕಿದಳು. "ಅಕ್ಕ, ಇಲ್ಲಿ ನೋಡಿ. ನಗಬೇಡಿ. ಅಯ್ಯೋ, ಪಾಪು ನಿದ್ದೆ ಮಾಡ್ತಿದೆಯಲ್ಲ." ಹೇಳುತ್ತಲೇ ಅದರ ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಕೂಸು ಬೆಚ್ಚಿ ಕಿರುಚಿತು. ಫೋಟೋ ಚೆನ್ನಾಗಿ ಬಂತಂತೆ. ಪೊಟ್ಟಣವನ್ನು ಇನ್ನೊಬ್ಬರಿಗೆ ಕೊಡುವ ಫೋಟೋಕ್ಕೆಂದು ವಾಪಸು ಇಸಿದುಕೊಂಡರು. ಮಗಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇರಚಲಿಗೆ ಬೆನ್ನು ಕೊಟ್ಟು ಜಗಲಿಯ ಕಂಬಕ್ಕೆ ಒರಗಿದಳು. ಮೊಂಡಿ ಪೊರಕೆ ಬಿಸಾಡಿ ಬುಟ್ಟಿ ಎತ್ತಿಕೊಂಡಳು.

"ಆಯ್ತು ಸಾರ್. ತರ್ತೀವಿ," ಅಂದಳು.

ಗೋಡೆಯ ಹಿಂದೆ ಬುಟ್ಟಿ ತುಂಬುವಾಗ, ಅವಳ ಬೀದಿಯಲ್ಲೇ ಬಟ್ಟೆ ಉಜ್ಜುವ ಇಸ್ತ್ರಿಯವಳು ತಡೆಯಲಾರದೆ ಕೇಳಿದಳು. "ಥೂ, ನಿನ್ನ ಮೊಂಡಿ ಅಂತ ಕರೆದೋರ ಬಾಯಿಗೆ ಮಣ್ಣು ಹಾಕ. ಸ್ವಂತ ಮಗಳ ಹಾಸಿಗೆಗೆ ಕೆಸರು ಸುರೀತೀಯೇನೇ?"

"ಬಾಯಿ ಮುಚ್ಕೊಂಡು ತುಂಬು. ನಾಯಿ ಇತ್ತಲ್ಲ, ಆ ಕಡೆಯಿಂದ ತುಂಬು. ನಾನು ಎಲ್ಲಿಗೆ ಹೋಗ್ತೀನೋ ಅಲ್ಲಿಗೆ ಬಾ."

ಬುಟ್ಟಿ ಹೊತ್ತವರ ಸಾಲು ಹೊರಟಿತು. ಕೋಣೆಯ ಬಾಗಿಲಲ್ಲಿ ಹುಡುಗರು ಸಲಿಕೆ ಹಿಡಿದು ಸಾಲಾಗಿ ನಿಂತಿದ್ದರು, ಕ್ಯಾಮೆರಾ ತಯಾರಾಗಿತ್ತು. ಹೆಡ್‌ಮಾಸ್ತರ ಒಳಗೆ ಕೈ ತೋರಿಸಿದ. ಮೊಂಡಿ ಅವನನ್ನು ದಾಟಿಕೊಂಡು ನೇರವಾಗಿ ಬಸ್ಸಿನ ಕಡೆ ನಡೆದಳು. ಸಾಲು ಅವಳ ಹಿಂದೆಯೇ ತಿರುಗಿತು.

ಡ್ರೈವರ್ ಸೀಟಿನಿಂದ ಎದ್ದ. "ಏನಕ್ಕಾ ಇದು? ಕೊನೆಗೆ ತೊಳೆಯೋನು ನಾನೇ ತಾನೇ?"

"ಇವತ್ತು ನೀನಲ್ಲಪ್ಪ. ತೊಳೀಲೇಬೇಕು ಅಂತ ಅಷ್ಟು ಜನ ರಜೆ ಹಾಕಿ ಬಂದಿದ್ದಾರೆ."

ಡ್ರೈವರ್ ಅವಳ ಮುಖ ನೋಡಿದ. ಸಾಲನ್ನು ನೋಡಿದ. ತನ್ನ ಟವೆಲ್ಲನ್ನೂ ಊಟದ ಡಬ್ಬಿಯನ್ನೂ ಎತ್ತಿಕೊಂಡು ಇಳಿದು ಹೋದ. ಬಾಗಿಲು ಮುಚ್ಚುವ ಗೋಜಿಗೆ ಹೋಗಲಿಲ್ಲ.

ಕಪ್ಪು ಕನ್ನಡಕದವನು ಓಡೋಡಿ ಬಂದ. "ಏಯ್, ಎಲ್ಲಿಗೇ ಹತ್ತುತ್ತಿದ್ದೀಯಾ? ಒಂದು ಹಿಡಿ ಕೆಸರು ಬಿದ್ರೂ ಒಂದು ಕಂಬಳಿನೂ ಇಳಿಸಲ್ಲ."

"ಬೋಳಿಮುಂಡೆ, ನಾಳೆಯಿಂದ ಈ ಗೇಟೊಳಗೆ ಕಾಲಿಟ್ಟು ನೋಡು," ಹೆಡ್‌ಮಾಸ್ತರ ಹಿಂದಿನಿಂದ ಅರಚಿದ.

ಮೊಂಡಿ ಮೇಲಿನ ಮೆಟ್ಟಿಲಲ್ಲಿ ನಿಂತಳು. ಕೆಲಸ ಹೋದರೆ ತನ್ನದು. ಕಂಬಳಿ ಹಾಗಲ್ಲ. ಚಳಿ ಅವಳೊಬ್ಬಳಿಗೇ ಇರಲಿಲ್ಲ, ಮೊಮ್ಮಗನೊಬ್ಬನೇ ಕೂಸಲ್ಲ. ಅವಳಿಗೆ ಭಯವಾಯಿತು. ಕತ್ತು ಹೊರಳಿಸಿ ಹಿಂದೆ ನೋಡಿದಳು. ಬುಟ್ಟಿಗಳಿಂದ ಕಪ್ಪು ನೀರು ಹೆಂಗಸರ ಹಣೆಗಳ ಮೇಲೆ ಇಳಿಯುತ್ತಿತ್ತು.

"ಏನ್ ತಿರುಗಿ ನೋಡ್ತೀಯೇ?" ಅಂದಳು ಬೆನ್ನಿಗೇ ಇದ್ದ ಇಸ್ತ್ರಿಯವಳು. "ಸುರಿ ಅತ್ಲಾಗೆ. ಕತ್ತು ಬಿದ್ದುಹೋಗ್ತಿದೆ."

ಮೊಂಡಿ ಬುಟ್ಟಿಯನ್ನು ಮುಂದಿನ ಸೀಟಿನ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದಳು.

"ಬನ್ರಪ್ಪ," ಅಂದಳು ಸಲಿಕೆ ಹಿಡಿದವರಿಗೆ, "ಕೆಲಸ ಸಿಕ್ತು."

ಇಸ್ತ್ರಿಯವಳು ಮೆಟ್ಟಿಲು ಹತ್ತಿದಳು. "ಜರುಗೇ ಆ ಕಡೆ, ನಂದೂ ಇದೆ."