ನನ್ನ ಕಾಯಿಲೆ ಅವಳೇ ಹೇಳಬೇಕು

ನನಗೆ ಕಾಯಿಲೆಯಂತೆ! ಈ ವಯಸ್ಸಿನಲ್ಲೂ ಹಿಟ್ಟಿನ ಗಿರಣಿ ನಡೆಸುವ, ಗುಂಡುಕಲ್ಲಿನ ಹಾಗಿರುವ ನನಗೆ! ಈ ತೀರ್ಪು ಕೊಟ್ಟವಳು ನನ್ನ ಹೆಂಡತಿ. ಮೈತುಂಬ ಹಿಟ್ಟು ಮೆತ್ತಿಕೊಂಡಿದ್ದವನನ್ನು ಹಾಗೇ ಊರಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ನನ್ನ ಪರವಾಗಿ ಅವಳೇ ಮಾತಾಡುವುದು ಹೊಸದೇನಲ್ಲ. ಗಿರಣಿಯ ಸದ್ದಿನಲ್ಲಿ ಗಿರಾಕಿಗಳ ಮಾತು ನನಗೆ ಕೇಳಿಸದು. ಬಾಗಿಲಲ್ಲಿ ನಿಂತು ಉತ್ತರ ಕೊಡುವುದು ಅವಳ ಕೆಲಸ. ಅದೇ ರೂಢಿ ಮನೆಗೂ ಬಂತು, ನೆಂಟರ ಮನೆಗೂ ಬಂತು. ನನಗೆ ಹಸಿವಾಗಿದೆಯೋ ಇಲ್ಲವೋ ಎಂಬುದನ್ನೂ ಅವಳೇ ಹೇಳುತ್ತಾಳೆ.

“ನಿದ್ದೆ ಬರುತ್ತಾ ಯಜಮಾನ್ರೇ?” ಡಾಕ್ಟರಮ್ಮ ನನ್ನನ್ನು ಕೇಳಿದರು.

“ಎಲ್ಲಿ ಬರುತ್ತೆ?” ಎಂದಳು ಇವಳು. “ಕೊನೇ ಮಗಳೂ ಕೆಲಸ ಅಂತ ಊರು ಬಿಟ್ಟಾಗಿಂದ, ಬೆಳಗಿನ ತನಕ ಸೂರು ನೋಡ್ಕೊಂಡು ಬಿದ್ದಿರ್ತಾರೆ.”

ಅಯ್ಯೋ ದೇವರೇ! ನನ್ನ ಗೊರಕೆಗೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ.

“ಊಟ?”

“ಬಾಯಿಗೆ ರುಚಿನೇ ಇಲ್ಲ. ಎರಡು ತುತ್ತಿಗೇ ಕೈ ತೊಳೀತಾರೆ.”

ನಾನು ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡೆ.

“ಅಳು ಬರುತ್ತಾ?”

“ಬರುತ್ತೆ. ಪಾತ್ರೆ ತೊಳೆಯೋವಾಗ, ಸುಮ್‌ಸುಮ್ನೆ.”

ಪಾತ್ರೆ! ಹುಟ್ಟಿದಾಗಿನಿಂದ ನಾನು ಒಂದು ಲೋಟ ತೊಳೆದಿದ್ದರೆ ಕೇಳಿ. ‘ಇದೇನೇ ನಿನ್ನ ಕಥೆ’ ಎಂದು ಗದರಲು ಬಾಯಿ ತೆರೆದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಇವಳ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಕೆನ್ನೆ ಬತ್ತಿಹೋಗಿತ್ತು. ನನಗೆ ಬಡಿಸಿದವಳು ತಾನು ಉಂಡಳೋ ಇಲ್ಲವೋ, ನಾನು ಯಾವತ್ತು ಕೇಳಿದ್ದೆ?

“ಅಮ್ಮಾ, ಇದು ಮನಸ್ಸಿನ ಕಾಯಿಲೆ, ವಾಸಿಯಾಗುತ್ತೆ,” ಎಂದರು ಡಾಕ್ಟರಮ್ಮ ಅವಳಿಗೆ. “ನೀವು ವಾರವಾರ ಬಂದು ನನ್ನ ಹತ್ರ ಮಾತಾಡಬೇಕು.”

“ನಾನಾ? ನನಗೇನು ದಾಡಿ!” ಇವಳು ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟಳು.

ಇವಳು ಒಮ್ಮೆ ಆ ಬಾಗಿಲು ದಾಟಿದರೆ ಮುಗಿಯಿತು, ಮತ್ತೆ ಕರೆತರಲು ಬ್ರಹ್ಮ ಬಂದರೂ ಆಗದು. ನನಗೆ ನಿಜಕ್ಕೂ ಭಯವಾಯಿತು.

“ಡಾಕ್ಟ್ರೇ, ಕಾಯಿಲೆ ನಂಗೇ!” ಎಂದು ಗಿರಣಿಯಲ್ಲಿ ಕೂಗುವಷ್ಟೇ ಜೋರಾಗಿ ಕೂಗಿದೆ. “ನಿದ್ದೆ ಇಲ್ಲ, ಊಟ ಇಲ್ಲ, ಪಾತ್ರೆ ತೊಳೀತಾ ಅಳ್ತೀನಿ. ವಾರವಾರ ಬರ್ತೀನಿ. ಆದ್ರೆ ನಂಗೆ ಮಾತು ಬರಲ್ಲ. ಇವಳೇ ಜೊತೆಗೆ ಕೂತು ಎಲ್ಲಾ ಹೇಳ್ಬೇಕು.”

“ಎಲ್ಲಾ ನನ್ನ ತಲೆ ಮೇಲೇ! ನನ್ನ ಕರ್ಮ,” ಎಂದು ಗೊಣಗುತ್ತಾ ಇವಳು ಮತ್ತೆ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಚೀಲದ ಹಿಡಿಯನ್ನು ತಿರುಚುತ್ತಿದ್ದಳು. “ಬರ್ಕೊಳ್ಳಿ ಡಾಕ್ಟರಮ್ಮ. ಸಂಜೆ ಆದ್ರೆ ಇವರಿಗೆ ಮನೆ ಒಳಗೆ ಹೋಗೋಕೇ ಭಯ.”

“ಹೌದು, ತುಂಬಾ ಭಯ,” ಎಂದೆ ನಾನು.